ಕೆಡದ ವಸ್ತು ನಿರುಪಯೋಗಿಯಾದರೆ ಹೊಣೆ ಯಾರದು?

ಹುಟ್ಟಿದ ವಸ್ತುವಿಗೆ ನಾಶವುಂಟೆಂಬುದು ಎಲ್ಲರೂ ಬಲ್ಲ ಮಾತು. ಹಿತ್ತಾಳೆಯ ಪಾತ್ರೆಯ ಕಲಾಯಿ ಹೋಗುತ್ತದೆ, ಉಟ್ಟ ಪಂಚೆ ಹರಿಯುತ್ತದೆ, ಬಾಗಿಲಿನ ತಿರುಗಣಿ ಸವೆಯುತ್ತದೆ. ಬಳಕೆಯಿಂದ ಬಂದ ಈ ಸವೆತಕ್ಕಾಗಿ ವಿವೇಕಿಗಳಾದವರು ದುಃಖಿಸುವುದಿಲ್ಲ. ಪಾತ್ರೆಗೆ ಮತ್ತೆ ಕಲಾಯಿ ಹಾಕಿಸುತ್ತಾರೆ, ಹರಿದ ಪಂಚೆಯನ್ನು ಒರೆಸುವ ಬಟ್ಟೆ ಮಾಡಿಕೊಳ್ಳುತ್ತಾರೆ. ಆದರೆ ನಮ್ಮ ಕಾಲದಲ್ಲಿ ಬೇರೊಂದು ವಿಧವಾದ ನಾಶವು ತಲೆದೋರಿದೆ. ವಸ್ತುವು ಕೆಟ್ಟಿರುವುದಿಲ್ಲ. ಗಾಜು ಒಡೆದಿಲ್ಲ, ಬ್ಯಾಟರಿ ಬಾಳುತ್ತಿದೆ, ಮಾತು ಸ್ಪಷ್ಟವಾಗಿ ಕೇಳಿಸುತ್ತಿದೆ. ಹಾಗಿದ್ದರೂ ಒಂದು ಬೆಳಗ್ಗೆ ಮೊಬೈಲು ಫೋನಿನ ಪರದೆಯ ಮೇಲೆ, ಈ ಆ್ಯಪ್ ಇನ್ನು ಮುಂದೆ ಈ ಉಪಕರಣದಲ್ಲಿ ನಡೆಯುವುದಿಲ್ಲವೆಂಬ ಒಕ್ಕಣೆ ಕಾಣಿಸಿಕೊಳ್ಳುತ್ತದೆ. ಅಂದಿನಿಂದ ಆ ಫೋನು ಕೈಯಲ್ಲಿದ್ದೂ ಇಲ್ಲದಂತೆ.

ಇದು ಎಲ್ಲಿಯೋ ಅಪರೂಪವಾಗಿ ನಡೆಯುವ ಸಂಗತಿಯಲ್ಲ. ನಮ್ಮ ಮನೆಗಳಲ್ಲಿ ಹಿರಿಯರಿಂದ ಕಿರಿಯರವರೆಗೆ ಬಳಸುವ ವಾಟ್ಸಾಪನ್ನೇ ತೆಗೆದುಕೊಳ್ಳೋಣ. ನೋಕಿಯಾದ ಹಳೆಯ ಎಸ್-40 ಜಾತಿಯ ಫೋನುಗಳಲ್ಲಿ ಅದು 2018ರ ಡಿಸೆಂಬರ್ 31ಕ್ಕೆ ನಿಂತಿತು. ವಿಂಡೋಸ್ ಫೋನುಗಳೆಲ್ಲವೂ 2019ರ ಕೊನೆಗೆ ಹೊರಗಾದವು. 2023ರ ಅಕ್ಟೋಬರ್ 24ರಿಂದ ಆಂಡ್ರಾಯ್ಡ್ 5.0ಕ್ಕಿಂತ ಹಿಂದಿನವುಗಳಿಗೂ, 2025ರ ಮೇ 5ರಿಂದ ಐಫೋನ್ 5ಎಸ್, 6, 6 ಪ್ಲಸ್ ಇವುಗಳಿಗೂ ಅದೇ ಗತಿಯಾಯಿತು. 1,500 ರೂಪಾಯಿಗಳ ಠೇವಣಿಯ ಮೇಲೆ 2017ರಲ್ಲಿ ಬಂದ ಜಿಯೋಫೋನನ್ನು ನಮ್ಮ ನಾಡಿನ ಎಷ್ಟೋ ಮಂದಿ ಕೊಂಡರು. ಅದಕ್ಕೆ ವಾಟ್ಸಾಪ್ ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಹೊಸದಾಗಿ ಹಾಕಿಕೊಳ್ಳುವ ಅವಕಾಶ ನಿಂತದ್ದು 2024ರ ಜೂನಿನಲ್ಲಿ. ಬ್ಯಾಂಕುಗಳ ಆ್ಯಪುಗಳು ಇದಕ್ಕಿಂತಲೂ ಬೇಗನೆ ಹಳೆಯ ಫೋನನ್ನು ನಿರಾಕರಿಸುವುದುಂಟು.

ಇಲ್ಲಿ ಸಂಶಯವು ಹುಟ್ಟುತ್ತದೆ. ಹಣ ಕೊಟ್ಟು ಕೊಂಡ, ಸುಸ್ಥಿತಿಯಲ್ಲಿರುವ ವಸ್ತುವನ್ನು ದೂರದಲ್ಲಿರುವ ಮತ್ತೊಬ್ಬರು ನಿರುಪಯೋಗಿಯನ್ನಾಗಿ ಮಾಡುವುದು ನ್ಯಾಯವೇ? ಅನ್ಯಾಯವಾದರೆ ಅದರ ಹೊಣೆ ಯಾರ ಮೇಲಿದೆ? ನಾವು ಮಾಡತಕ್ಕದ್ದೇನಾದರೂ ಉಂಟೇ? ಈ ಮೂರನ್ನೂ ಕ್ರಮವಾಗಿ ವಿಚಾರ ಮಾಡೋಣ.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಂದಿಗೇ ಹೇಳುವುದು ಉಚಿತ. ಆ್ಯಪನ್ನು ರಚಿಸುವವರು ಹೀಗೆನ್ನುತ್ತಾರೆ: ಫೋನಿನೊಳಗಿನ ಮೂಲ ತಂತ್ರಾಂಶದಲ್ಲಿ ಕಾಲಕಾಲಕ್ಕೆ ದೋಷಗಳು ಗೋಚರವಾಗುತ್ತವೆ, ಕಳ್ಳರು ಆ ದೋಷಗಳ ಮೂಲಕವೇ ನುಗ್ಗುತ್ತಾರೆ. ಫೋನು ತಯಾರಿಸಿದವನು ತೇಪೆ ಹಾಕುವುದನ್ನು ನಿಲ್ಲಿಸಿದ ಮೇಲೆ, ಆ ಫೋನಿನಲ್ಲಿ ನಮ್ಮ ಆ್ಯಪು ಎಷ್ಟು ಚೆನ್ನಾಗಿದ್ದರೂ ಗೋಡೆಯಿಲ್ಲದ ಮನೆಗೆ ಬೀಗ ಹಾಕಿದಂತಾಗುತ್ತದೆ. ಇದಲ್ಲದೆ ಹೊಸ ಸೌಕರ್ಯಗಳಿಗೆ ಬೇಕಾದ ಆಧಾರ ಹಳೆಯ ತಂತ್ರಾಂಶದಲ್ಲಿ ಇರುವುದಿಲ್ಲ. ಪ್ರತಿಯೊಂದು ಹಳೆಯ ಫೋನಿನಲ್ಲಿಯೂ ಪರೀಕ್ಷೆ ಮಾಡುತ್ತ ಕುಳಿತರೆ ಖರ್ಚಿಗೆ ಮಿತಿಯಿರದು. ಮೇಲಾಗಿ ನಾವು ಪುಕ್ಕಟೆಯಾಗಿ ಕೊಟ್ಟಿದ್ದೇವೆ. ಶಾಶ್ವತವಾಗಿ ಕೊಡುತ್ತೇವೆಂದು ಎಂದೂ ಮಾತು ಕೊಟ್ಟಿಲ್ಲ. ಇದು ಅವರ ವಾದ. ಇದಕ್ಕೆ ನಮ್ಮವರೇ ಕೆಲವರು ಇನ್ನೊಂದನ್ನು ಸೇರಿಸುವುದುಂಟು: ವಸ್ತುವಿನಲ್ಲಿ ಇಷ್ಟು ಮೋಹವೇಕೆ? ಹೋದರೆ ಹೋಯಿತು, ಇನ್ನೊಂದನ್ನು ಕೊಂಡರಾಯಿತು ಎಂದು.

ಈ ವಾದದಲ್ಲಿ ಸತ್ಯಾಂಶವಿದೆಯೆಂಬುದನ್ನು ಒಪ್ಪಲೇಬೇಕು. ತೇಪೆ ನಿಂತುಹೋದ ಫೋನಿನಲ್ಲಿ ಹಣದ ವ್ಯವಹಾರ ಮಾಡುವುದು ಅಪಾಯಕರವೇ ಸರಿ. ಹಳೆಯದನ್ನೆಲ್ಲ ಎಂದೆಂದಿಗೂ ನಡೆಸಿಕೊಂಡು ಹೋಗಬೇಕೆಂದು ಯಾರನ್ನೂ ನಿರ್ಬಂಧಿಸಲಾಗದು. ಕೊಂಡವನ ಸಿಟ್ಟೇ ನ್ಯಾಯಕ್ಕೆ ಪ್ರಮಾಣವಾಗದು. ಆದರೆ ಇಷ್ಟರಿಂದಲೇ ಪ್ರಶ್ನೆ ಮುಗಿಯಿತೆಂದು ಹೇಳುವಂತಿಲ್ಲ.

ಪ್ರಥಮತಃ, ತಾನಾಗಿ ಬಂದ ಸವೆತಕ್ಕೂ ಬೇಕೆಂದು ತಂದ ಸವೆತಕ್ಕೂ ಇರುವ ಭೇದವನ್ನು ಗಮನಿಸಬೇಕು. 1924ರಲ್ಲಿ ಯೂರೋಪು, ಅಮೆರಿಕಗಳ ವಿದ್ಯುದ್ದೀಪ ತಯಾರಕರಲ್ಲಿ ದೊಡ್ಡವರು ಜಿನೀವಾದಲ್ಲಿ ಫೀಬಸ್ ಎಂಬ ಒಕ್ಕೂಟವನ್ನು ಮಾಡಿಕೊಂಡು, ಬಲ್ಬು 1,000 ಗಂಟೆಗಳಿಗಿಂತ ಹೆಚ್ಚು ಉರಿಯದಂತೆ ಕಟ್ಟುಪಾಡು ಮಾಡಿದರು. ಹೆಚ್ಚು ಬಾಳುವ ಬಲ್ಬು ಮಾಡಿದವನು ದಂಡ ತೆರಬೇಕಾಗಿತ್ತು. ಇದು ಬೇಕೆಂದೇ ಮಾಡಿದ ಕಾರ್ಯ. ಇಂದಿನ ಆ್ಯಪುಗಳ ನಿಲುಗಡೆಯೆಲ್ಲವೂ ಇದೇ ಜಾತಿಯದೆಂದು ಹೇಳುವುದು ಅನ್ಯಾಯವಾದೀತು. ಪ್ರಮಾಣವಿಲ್ಲದೆ ದುರುದ್ದೇಶವನ್ನು ಆರೋಪಿಸತಕ್ಕದ್ದಲ್ಲ. ಆದರೆ ಉದ್ದೇಶವು ನಿರ್ದುಷ್ಟವಾಗಿದ್ದಾಗಲೂ ಮರೆಮಾಚುವುದು ದೋಷವೇ. ಬ್ಯಾಟರಿ ಹಳತಾದಾಗ ಫೋನು ಹಠಾತ್ತಾಗಿ ಆರಿಹೋಗದಿರಲೆಂದು ಆಪಲ್ ಕಂಪನಿಯು ಐಫೋನುಗಳ ವೇಗವನ್ನು ತಗ್ಗಿಸಿತ್ತು. ಅದನ್ನು ಕಂಪನಿಯೇ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಗ್ರಾಹಕರಿಗೆ ತಿಳಿಸಲಿಲ್ಲವೆಂಬ ಕಾರಣದಿಂದ ಫ್ರಾನ್ಸ್ ದೇಶದ ಅಧಿಕಾರಿಗಳು 2020ರಲ್ಲಿ ಎರಡೂವರೆ ಕೋಟಿ ಯೂರೋ ದಂಡ ವಿಧಿಸಿದರು. ಕಾರಣ ಸರಿಯಿದ್ದರೂ, ಬ್ಯಾಟರಿಯನ್ನು ಬದಲಿಸಿದರೆ ಸಾಕೆಂಬುದನ್ನು ತಿಳಿಯದೆ ಫೋನನ್ನೇ ಬದಲಿಸಿದವನ ನಷ್ಟವು ನಷ್ಟವೇ ಅಲ್ಲವೇ?

ಎರಡನೆಯದಾಗಿ, ಮಾರಾಟದ ಸ್ವರೂಪವನ್ನೇ ನೋಡಬೇಕು. ಕುಂಬಾರನಿಂದ ಮಡಕೆಯನ್ನು ಕೊಂಡರೆ ಅಲ್ಲಿಗೆ ಕುಂಬಾರನ ಸಂಬಂಧ ಮುಗಿಯಿತು. ಆ ಬಳಿಕ ಮಡಕೆಯು ಕೊಂಡವನ ಅಧೀನ. ಫೋನು ಹಾಗಲ್ಲ. ಸ್ವತಂತ್ರ, ಪರತಂತ್ರ ಎಂಬ ಶಬ್ದಗಳು ನಮ್ಮ ವಾಚಕರಿಗೆ ಚಿರಪರಿಚಿತ. ಶಾಸ್ತ್ರದಲ್ಲಿ ಅವುಗಳ ಅರ್ಥ ಗಂಭೀರವಾದದ್ದು, ಅದನ್ನು ಇಂತಹ ಲೌಕಿಕ ವಿಷಯಕ್ಕೆ ಎಳೆದು ತರುವುದು ನಮ್ಮ ಅಭಿಪ್ರಾಯವಲ್ಲ. ಲೋಕರೂಢಿಯ ಅರ್ಥದಲ್ಲಿ ಮಾತ್ರ ಹೇಳುವುದಾದರೆ, ಈ ಉಪಕರಣವು ಮಾರಾಟವಾದ ಮೇಲೂ ಪರತಂತ್ರವಾಗಿಯೇ ಉಳಿಯುತ್ತದೆ. ಅದರ ಪ್ರವೃತ್ತಿಯು ತಯಾರಕನ ತೇಪೆಗೆ, ಆ್ಯಪಿನವರ ಅನುಮತಿಗೆ, ದೂರದ ಗಣಕಗಳ ಒಪ್ಪಿಗೆಗೆ ಅಧೀನ. ಹಗ್ಗದ ಒಂದು ತುದಿಯನ್ನು ತನ್ನ ಕೈಯಲ್ಲಿಯೇ ಇಟ್ಟುಕೊಂಡು ಹಸುವನ್ನು ಮಾರಿದವನು, ಇನ್ನು ನನಗೂ ಹಸುವಿಗೂ ಸಂಬಂಧವಿಲ್ಲವೆಂದು ಹೇಳುವಂತಿಲ್ಲ. ಎಷ್ಟು ವರ್ಷ ಹಗ್ಗವನ್ನು ಹಿಡಿದಿರುವೆನೆಂಬುದನ್ನು ಮಾರುವಾಗಲೇ ತಿಳಿಸುವುದು ಅವನ ಕರ್ತವ್ಯ.

ಇದು ಅಸಾಧ್ಯವೆಂಬ ಉತ್ತರ ನಿಲ್ಲುವುದಿಲ್ಲ. ಹಿಂದೆ ಎರಡು ಮೂರು ವರ್ಷಗಳ ತೇಪೆಯೇ ಹೆಚ್ಚೆನ್ನುತ್ತಿದ್ದ ಕಾಲವಿತ್ತು. 2023ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿಗೂ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಎಸ್-24 ಫೋನಿಗೂ ಏಳು ವರ್ಷಗಳ ಭರವಸೆಯನ್ನು ಕೊಟ್ಟವು. ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ತಂತ್ರಾಂಶದ ಪರಿಷ್ಕಾರವನ್ನು ಒದಗಿಸಬೇಕೆಂಬ ನಿಯಮ ಜಾರಿಗೆ ಬಂದಿದೆ. ಇನ್ನೊಂದು ನಿದರ್ಶನವು ಇದಕ್ಕಿಂತಲೂ ಸ್ಮರಣೀಯ. ಅಂತರ್ಜಾಲದ ತಾಣಗಳ ನಂಬಿಕೆಗೆ ಮುದ್ರೆ ಒತ್ತುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭದಾಸೆಯಿಲ್ಲದ ಸೇವೆಯೊಂದಿದೆ. ತಮ್ಮ ಹೊಸ ಮುದ್ರೆಯನ್ನು ಹಳೆಯ ಆಂಡ್ರಾಯ್ಡ್ ಫೋನುಗಳು ಗುರುತಿಸಲಾರವೆಂದೂ, ಅಂತಹವು ಆಂಡ್ರಾಯ್ಡ್ ಫೋನುಗಳಲ್ಲಿ ನೂರಕ್ಕೆ 33.8ರಷ್ಟಿವೆಯೆಂದೂ ಅವರು 2020ರ ನವೆಂಬರಿನಲ್ಲಿ ಪ್ರಕಟಿಸಿದರು. ಅಷ್ಟಕ್ಕೇ ಕೈತೊಳೆದುಕೊಳ್ಳದೆ ಮರುತಿಂಗಳೇ ಉಪಾಯವೊಂದನ್ನು ಹುಡುಕಿ, ಆ ಫೋನುಗಳಿಗೆ ಮತ್ತೆ ಮೂರು ವರ್ಷಗಳ ಆಯುಸ್ಸನ್ನು ಕೊಟ್ಟರು. ಮನಸ್ಸಿದ್ದಲ್ಲಿ ಮಾರ್ಗವಿರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೂರನೆಯದಾಗಿ, ಪುಕ್ಕಟೆಯಾಗಿ ಕೊಟ್ಟದ್ದನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದೆಂಬ ಮಾತನ್ನು ಪರಿಶೀಲಿಸೋಣ. ಒಬ್ಬನು ಊರಿನ ನಡುವೆ ಬಾವಿ ತೋಡಿಸಿ ಎಲ್ಲರಿಗೂ ನೀರು ಕೊಟ್ಟನು. ಜನರು ಅದನ್ನೇ ನಂಬಿ ತಮ್ಮ ತಮ್ಮ ಹಿತ್ತಲಿನ ಬಾವಿಗಳನ್ನು ಮುಚ್ಚಿದರು. ಆ ಬಳಿಕ ಅವನು, ಹೊಸ ಮಾದರಿಯ ಕೊಡವಿದ್ದವರಿಗೆ ಮಾತ್ರ ನೀರು ಎಂದರೆ, ದಾನಕ್ಕೆ ನಿಯಮ ಹಾಕುವ ಅಧಿಕಾರ ತನಗುಂಟೆಂಬ ಅವನ ಮಾತು ಎಷ್ಟರಮಟ್ಟಿಗೆ ಸರಿ? ದಾನವನ್ನು ಆಶ್ರಯಿಸಿ ಜನರ ಬಾಳ್ವೆ ನಿಂತ ಮೇಲೆ ಆ ದಾನವು ಹೊಣೆಯಾಗಿ ಪರಿಣಮಿಸುತ್ತದೆ. ಶಾಶ್ವತವಾಗಿ ನಡೆಸಬೇಕೆಂದಲ್ಲ, ಸಾಕಷ್ಟು ಮೊದಲೇ, ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು, ಇದ್ದ ಪತ್ರ-ಚಿತ್ರಗಳನ್ನು ಸಾಗಿಸಿಕೊಳ್ಳುವ ದಾರಿಯನ್ನು ತೋರಿಸಬೇಕು. ಇಂಗ್ಲಿಷಿನ ಒಂದು ವಾಕ್ಯವನ್ನು ಪರದೆಯ ಮೇಲೆ ತೋರಿಸಿದ ಮಾತ್ರಕ್ಕೆ ಎಪ್ಪತ್ತೈದು ವರ್ಷದ ಅಜ್ಜಿಗೆ ತಿಳಿಸಿದಂತಾಗುವುದಿಲ್ಲ.

ಇನ್ನು ವಸ್ತುವಿನ ಮೋಹವನ್ನು ಬಿಡಬೇಕೆಂಬ ಉಪದೇಶದ ವಿಷಯ. ವೈರಾಗ್ಯವು ತಾನು ತನಗೆ ವಿಧಿಸಿಕೊಳ್ಳತಕ್ಕದ್ದು. ಪರರ ಖರ್ಚಿನಲ್ಲಿ ಪರರಿಗೆ ವಿಧಿಸತಕ್ಕದ್ದಲ್ಲ. ಹಳೆಯದನ್ನು ಎಸೆದು ಹೊಸದನ್ನು ಕೊಳ್ಳುವುದು ವೈರಾಗ್ಯವಾಗುವುದಾದರೆ ಅಂಗಡಿಬೀದಿಯೆಲ್ಲ ತಪೋವನವಾದೀತು! ವಾಸ್ತವವಾಗಿ ನೋಡಿದರೆ, ಇರುವುದರಲ್ಲಿಯೇ ತೃಪ್ತನಾಗಿ ಹಳೆಯ ಫೋನನ್ನೇ ಜೋಪಾನ ಮಾಡಿದವನು ವೈರಾಗ್ಯಕ್ಕೆ ಹೆಚ್ಚು ಹತ್ತಿರದವನು. ವ್ಯವಸ್ಥೆಯು ದಂಡಿಸುವುದು ಅವನನ್ನೇ. ಎಸೆದ ವಸ್ತುವಾದರೂ ಎಲ್ಲಿ ಹೋಗುತ್ತದೆ? 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಒಟ್ಟಾದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳ ಕಸವು 6.2 ಕೋಟಿ ಟನ್ನುಗಳೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದೆಂದು ಲೆಕ್ಕಕ್ಕೆ ಸಿಕ್ಕಿದ್ದು ನೂರಕ್ಕೆ 22.3 ಮಾತ್ರ. ಉಳಿದದ್ದರಲ್ಲಿ ಒಂದು ಭಾಗವು ಯಾವುದೋ ಬಡವರ ಕೇರಿಯ ಮಣ್ಣು ನೀರುಗಳನ್ನು ಸೇರುತ್ತದೆ.

ಇಲ್ಲಿಯವರೆಗೆ ಕಂಪನಿಗಳ ಹೊಣೆಯನ್ನು ಹೇಳಿದೆವು. ಸಮುದ್ರದಾಚೆಯ ಆ ಕಂಪನಿಗಳು ನಮ್ಮ ಮಾತನ್ನು ಕೇಳುವುದು ಕಷ್ಟ. ಆದರೆ ಹೊಣೆಯ ಇನ್ನೊಂದು ಭಾಗವು ನಮ್ಮ ಸಮೀಪದಲ್ಲಿಯೇ ಇದೆ. ಆ್ಯಪೊಂದನ್ನು ಏಕೈಕ ದ್ವಾರವನ್ನಾಗಿ ಮಾಡಿದವರು ಯಾರು? ಕಚೇರಿಗಳು, ಬ್ಯಾಂಕುಗಳು, ಸಂಘಸಂಸ್ಥೆಗಳು, ಹೇಳದೆ ವಿಧಿಯಿಲ್ಲ, ದೇವಾಲಯಗಳೂ ಸಹ. ಪ್ರವಚನದ ವೇಳೆ ಬದಲಾದ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಬಂದರೆ, ಸೇವೆಯ ಚೀಟಿ ಆ್ಯಪಿನಲ್ಲಿ ಮಾತ್ರ ದೊರೆತರೆ, ನಲವತ್ತು ವರ್ಷ ತಪ್ಪದೆ ಬಂದ ವೃದ್ಧರು ಹಳೆಯ ಫೋನಿನ ಕಾರಣದಿಂದ ಬಾಗಿಲ ಹೊರಗೆ ಉಳಿಯುತ್ತಾರೆ. ಅವರನ್ನು ಹೊರಗಿಟ್ಟವರು ಯಾವುದೋ ಕಂಪನಿಯವರೆಂದು ಹೇಳಿ ನಾವು ಪಾರಾಗುವಂತಿಲ್ಲ. ಸೂಚನಾಫಲಕದ ಮೇಲೆ ಒಂದು ಹಾಳೆ, ಕಚೇರಿಯಲ್ಲಿ ಕರೆಗೆ ಉತ್ತರ ಕೊಡುವ ಒಬ್ಬ ಮನುಷ್ಯ, ಹಣ ಪಡೆದು ರಸೀದಿ ಹರಿದು ಕೊಡುವ ಒಂದು ಕಿಟಕಿ, ಇವುಗಳನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ದೊಡ್ಡ ವ್ಯವಸ್ಥೆಗಳೂ ಮನಸ್ಸು ಮಾಡಿದರೆ ಎರಡನೆಯ ಬಾಗಿಲನ್ನು ಇಡಬಲ್ಲವು. ಭಾರತೀಯ ರಿಸರ್ವ್ ಬ್ಯಾಂಕು 2022ರ ಮಾರ್ಚ್ ತಿಂಗಳಲ್ಲಿ, ಅಂತರ್ಜಾಲವಿಲ್ಲದ ಸಾಮಾನ್ಯ ಫೋನಿನಿಂದಲೂ ಕರೆಯ ಮೂಲಕ ಹಣ ಸಲ್ಲಿಸಬಹುದಾದ ಯುಪಿಐ 123 ಪೇ ಎಂಬ ಏರ್ಪಾಡನ್ನು ಆರಂಭಿಸಿದ್ದು ಇದಕ್ಕೆ ಒಳ್ಳೆಯ ನಿದರ್ಶನ.

ಕೊನೆಯದಾಗಿ ಮನೆಯವರ ಕರ್ತವ್ಯ. ಮಗನು ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಇರುತ್ತಾನೆ. ತಂದೆತಾಯಿಗಳು ಊರಿನಲ್ಲಿ ಇರುತ್ತಾರೆ. ಮೊಮ್ಮಗುವಿನ ಮುಖವನ್ನು ಕಾಣುವ ಕಿಟಕಿ ಆ ಒಂದು ಫೋನು. ಅದು ಮುಚ್ಚಿದ ಮೇಲೆ ಓಡಾಡುವುದಕ್ಕಿಂತ, ತೇಪೆ ಎಂದಿಗೆ ನಿಲ್ಲುವುದೆಂಬುದನ್ನು ಮಕ್ಕಳು ಮೊದಲೇ ವಿಚಾರಿಸಿಕೊಳ್ಳಬೇಕು. ಹೊಸ ಫೋನು ಅನಿವಾರ್ಯವಾದರೆ ಹಳೆಯ ಚಿತ್ರಗಳನ್ನೂ ಮಾತುಕತೆಗಳನ್ನೂ ಅದಕ್ಕೆ ಸಾಗಿಸಿ, ಕನ್ನಡದ ಅಕ್ಷರಗಳು ದೊಡ್ಡದಾಗಿ ಕಾಣುವಂತೆ ಮಾಡಿ, ನಾಲ್ಕು ದಿನ ಜೊತೆಯಲ್ಲಿ ಕುಳಿತು ಹೇಳಿಕೊಡಬೇಕು. ಹಿರಿಯರಿಗೆ ಹೋಗುವುದು ಬರಿಯ ವಸ್ತುವಲ್ಲ. ಬಹು ಪ್ರಯಾಸದಿಂದ ಕಲಿತ ಒಂದು ವಿದ್ಯೆಯೇ ಕೈತಪ್ಪುತ್ತದೆ. ಎಷ್ಟು ಸಲ ಹೇಳಬೇಕೆಂದು ಅವರನ್ನು ಗದರುವವರು, ತಮಗೆ ಅಕ್ಷರಾಭ್ಯಾಸ ಮಾಡಿಸಿದಾಗ ಅವರು ಎಷ್ಟು ಸಲ ಹೇಳಿದ್ದರೆಂಬುದನ್ನು ನೆನೆಯುವುದು ಒಳ್ಳೆಯದು. ಹಳೆಯ ಫೋನನ್ನಾದರೂ ಕೂಡಲೇ ಎಸೆಯಬೇಕಿಲ್ಲ. ಹಣದ ವ್ಯವಹಾರವನ್ನು ಅದರಿಂದ ತೆಗೆದುಹಾಕಿದರೆ, ಇಳಿಸಿಟ್ಟುಕೊಂಡ ಪ್ರವಚನವನ್ನು ಕೇಳುವುದಕ್ಕೂ ಬೆಳಗಿನ ಜಾವ ಎಬ್ಬಿಸುವುದಕ್ಕೂ ಅದು ಇನ್ನೂ ಹಲವು ವರ್ಷ ಸಾಲುತ್ತದೆ.

ಆದ್ದರಿಂದ ನಿರ್ಣಯವಿಷ್ಟು. ಬದಲಾವಣೆಯು ಸ್ವತಃ ಅಧರ್ಮವಲ್ಲ. ಆ್ಯಪಿನವರು ಹಳೆಯದನ್ನು ಎಂದಾದರೂ ಬಿಡಲೇಬೇಕಾಗುತ್ತದೆ. ಒಳಗೆ ಬರಬೇಕಾದವರು ಇನ್ನೂ ದಾರಿಯಲ್ಲಿರುವಾಗಲೇ, ಹೇಳದೆ ಕೇಳದೆ ಹಳೆಯ ಬಾಗಿಲಿಗೆ ಅಗಳಿ ಹಾಕುವುದು ದೋಷ. ತಯಾರಕರು ಅವಧಿಯನ್ನು ಮೊದಲೇ ಹೇಳಲಿ, ಆ್ಯಪಿನವರು ಸಾಕಷ್ಟು ಕಾಲಾವಕಾಶ ಕೊಡಲಿ. ಸಂಸ್ಥೆಗಳನ್ನು ನಡೆಸುವ ನಾವು ಎರಡನೆಯ ಬಾಗಿಲನ್ನು ತೆರೆದಿಡೋಣ. ಮುಂದಿನ ಉತ್ಸವದ ಆಮಂತ್ರಣವನ್ನು ಫೋನಿನಲ್ಲಿ ಕಳುಹಿಸುವ ಮಹನೀಯರು, ಅದು ತಲುಪದಿರುವ ನಾಲ್ಕು ಮನೆಗಳು ಯಾವುವೆಂದು ಒಮ್ಮೆ ಎಣಿಸಿ, ಅಲ್ಲಿಗೆ ಹೋಗಿ ಬಾಯಿಮಾತಿನಲ್ಲಿ ತಿಳಿಸಿ ಬರಬೇಕೆಂದು ನಮ್ಮ ವಿಜ್ಞಾಪನೆ.