ಯಾರ ಸಿಟ್ಟು, ಯಾರ ಹೆಣ?

ಪರದೇಶದಲ್ಲಿ ಕುಂತು ತಾಯ್ನಾಡಿನ ಬಿಡುಗಡೆಗೆಂದು ಬಾಂಬು ಇಡುವವನ ನ್ಯಾಯ ಎಂಥದು? ಶಿರವಾಳದಂಥ ಊರಾಗ ಈ ಪ್ರಶ್ನೆ ಯಾಕ ಅಂತೀರಿ? ಕಾರಣ ಅದ.

1984ರ ಜೂನ್‌ನಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಸೈನ್ಯ ನುಗ್ಗಿತು. ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಕೊಲೆಯಾಯಿತು. ಆಮೇಲೆ ದಿಲ್ಲಿಯೊಂದರಲ್ಲೇ, ಸರ್ಕಾರದ ಲೆಕ್ಕದಲ್ಲೇ, 2,733 ಸಿಖ್ಖರನ್ನು ಕೊಂದರು. ಈ ಗಾಯ ಸುಳ್ಳಲ್ಲ. ಪ್ರತ್ಯೇಕ ನಾಡಿನ ಘೋಷಣೆ ಕೂಗಿದ್ದಷ್ಟೇ ರಾಜದ್ರೋಹವಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಆದರೆ 1985ರ ಜೂನ್ 23ರಂದು ಕೆನಡಾದಿಂದ ಹೊರಟ ಏರ್ ಇಂಡಿಯಾದ 'ಕನಿಷ್ಕ' ವಿಮಾನವನ್ನು ಐರ್ಲೆಂಡಿನ ಕಡಲ ಮೇಲೆ ಸ್ಫೋಟಿಸಲಾಯಿತು. 329 ಜನ ಸತ್ತರು. ಅದೇ ದಿನ ಜಪಾನಿನ ನರೀಟಾ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಬಾಂಬು ಸಿಡಿದು ಸಾಮಾನು ಹೊರುವ ಇಬ್ಬರು ಕಾರ್ಮಿಕರು ಹೋದರು. ಇದು ಕೆನಡಾದಲ್ಲಿ ನೆಲೆಸಿದ್ದ ಖಾಲಿಸ್ತಾನಿ ಉಗ್ರರ ಕೆಲಸ ಎಂದಿತು ತನಿಖೆ. ಶಿಕ್ಷೆಯಾದದ್ದು ಒಬ್ಬನಿಗೆ ಮಾತ್ರ. ಆ ಹಮಾಲರು ಅಮೃತಸರಕ್ಕೆ ಮಾಡಿದ ಅನ್ಯಾಯವಾದರೂ ಏನು? ಈ ಹಿಂಸೆಯ ವಿರುದ್ಧ ಬರೆದ ಸಿಖ್ ಪತ್ರಕರ್ತ ತಾರಾಸಿಂಗ್ ಹೇಯರ್ 1988ರಲ್ಲಿ ಗುಂಡೇಟು ತಿಂದು ಗಾಲಿಕುರ್ಚಿ ಹಿಡಿದರು. 1998ರಲ್ಲಿ ಅವರ ಕೊಲೆಯೇ ಆಯಿತು.

ಇನ್ನು ನಮ್ಮ ಸೀಮೆಗೆ ಬರ್ರಿ. ಪಂಜಾಬ ಇನ್ನೂ ಉರಿಯುತ್ತಿದ್ದ 1988ರ ಸೆಪ್ಟೆಂಬರ್‌ನಲ್ಲಿ, ಬೀದರಿಗೆ ಓದಲು ಬಂದಿದ್ದ ಸಿಖ್ ಹುಡುಗರನ್ನು ಗುರಿಮಾಡಿ ಕೊಂದರು. ಗುರು ಗೋವಿಂದ ಸಿಂಗರು 1699ರಲ್ಲಿ ಜಾತಿ ಮುರಿದು ಆರಿಸಿದ ಐವರಲ್ಲಿ ಒಬ್ಬನಾದ ಸಾಹಿಬ್ ಸಿಂಗ್ ಇದೇ ಬೀದರಿನ ಕ್ಷೌರಿಕ ಎನ್ನುತ್ತದೆ ಸಿಖ್ ಪರಂಪರೆ. ಆ ನಂಟೂ ಹುಡುಗರನ್ನು ಉಳಿಸಲಿಲ್ಲ.

ವಿಮಾನಕ್ಕೆ ಬಾಂಬು ಇಟ್ಟವನಿಗೂ ಬೀದಿಯಲ್ಲಿ ಬಡಿಗೆ ಹಿಡಿದವನಿಗೂ ಲೆಕ್ಕ ಒಂದೇ: ಮನುಷ್ಯ ಕಾಣಬಾರದು, ಅವನ ಕುಲ ಮಾತ್ರ ಕಾಣಬೇಕು. ಈ ಲೆಕ್ಕ ನಮಗೇನು ಹೊಸದಲ್ಲ. ಕೇರಿಯ ಒಬ್ಬ ಹುಡುಗ ಎದುರು ಮಾತಾಡಿದರ ಇಡೀ ಕೇರಿಗೆ ಬಹಿಷ್ಕಾರ. ಗುಳೆ ಹೋದಲ್ಲಿ ಒಬ್ಬನ ಮೇಲೆ ಕಳವಿನ ಮಾತು ಬಂದರ ಇಡೀ ಗುಂಪಿನ ಗಂಟು ಹುಡುಕತಾರ. ಇದನ್ನು ಉಂಡವರು ನಾವು. ಇದೇ ಲೆಕ್ಕವನ್ನು ಬಿಡುಗಡೆಯ ಹೆಸರಲ್ಲಿ ಯಾರೇ ತಂದರೂ ಒಪ್ಪಲು ಹ್ಯಾಂಗ ಸಾಧ್ಯ?

'ಸರ್ಕಾರವೇ ಕೊಂದರೆ, ಕೋರ್ಟು ಮಲಗಿದರೆ ಏನು ಮಾಡೋದು?' ಎಂದು ಗೆಳೆಯರು ಕೇಳುತ್ತಾರೆ. ಸಣ್ಣ ಪ್ರಶ್ನೆಯಲ್ಲ ಇದು. ದಿಲ್ಲಿಯ ಕೊಲೆಗಳಿಗಾಗಿ ಕಾಂಗ್ರೆಸ್ಸಿನ ಸಜ್ಜನ್ ಕುಮಾರನಿಗೆ ಹೈಕೋರ್ಟು ಜೀವಾವಧಿ ವಿಧಿಸಿದ್ದು 2018ರಲ್ಲಿ, 34 ವರ್ಷ ತಡವಾಗಿ. ಆ ತಡವೂ ಒಂದು ಹಿಂಸೆಯೇ. ಆದರೂ ಅಲ್ಲಿಗೆ ಮುಟ್ಟಿಸಿದ್ದು ಬಾಂಬಲ್ಲ. ಗಂಡ, ಮಕ್ಕಳನ್ನು ಕಳೆದುಕೊಂಡ ಹೆಣ್ಣುಮಕ್ಕಳು ಬೆದರಿಕೆಗೆ ಬಗ್ಗದೆ ಕಟಕಟೆ ಹತ್ತಿ ಸಾಕ್ಷಿ ಹೇಳಿದರು. ಅವರು ಬೆರಳು ತೋರಿಸಿದ್ದು ಒಂದು ಕುಲದ ಕಡೆಗಲ್ಲ, ಕೊಂದವನ ಕಡೆಗೆ.