ಛತ್ರದ ವರೆಗೆ ನಡಿಸುವ ಪ್ರೀತಿ

ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಶಿರಸಿ, ಸಿದ್ದಾಪುರ, ಯಲ್ಲಾಪುರದ ದಾರಿಗಳಲ್ಲಿಯೂ ಅಂಥವರು ಉಂಟು. ಅವರನ್ನು ದೋಚಿದ ಕಳ್ಳನು ಕುಡಿತವೇ. ಸರಕಾರವು 2007ನೆಯ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಆದರೆ ಕಳ್ಳನು ಅಂಗಿಯನ್ನು ಬದಲಿಸಿದನೇ ಹೊರತು ದಾರಿಯನ್ನು ಬಿಡಲಿಲ್ಲ. ಹೀಗಿರಲಾಗಿ ಬಿದ್ದವನಿಗೆ ಏನು ಮಾಡತಕ್ಕದ್ದು?

ಮೊದಲನೆಯದಾಗಿ, ಸಮಾರ್ಯದವನು ಹತ್ತಿರಕ್ಕೆ ಬಂದನು. ಅನೇಕ ಮನೆಗಳಲ್ಲಿ ಮರ್ಯಾದೆಯ ನಿಮಿತ್ತ ಕುಡಿತವನ್ನು ಮುಚ್ಚಿಡುತ್ತಾರೆ. ಮಗಳ ಸಂಬಂಧ ಮುರಿದೀತೆಂದು ತಾಯಿಯು ಅಂಜುತ್ತಾಳೆ. ಗಂಡನಿಗೆ ಜ್ವರವೆಂದು ಹೆಂಡತಿಯು ಹೇಳುತ್ತಾಳೆ. ಮುಚ್ಚಿದ ಗಾಯವು ಒಳಗೇ ಕೊಳೆಯುವದಲ್ಲವೋ? ಕುಡಿದವನನ್ನು ಸಂತೆಯಲ್ಲಿ ಬೈಯುವದರಿಂದ ಫಲವಿಲ್ಲ. ಅಮಲು ಇಳಿದ ಬೆಳಿಗ್ಗೆ, ಅವನು ಗೌರವಿಸುವ ಹಿರಿಯನೊಬ್ಬನು ಅವನ ಮನೆಯ ಜಗಲಿಯಲ್ಲಿ ಕೂತು, ಅವನ ಮನೆಮಾತಿನಲ್ಲಿಯೇ ಮೆಲ್ಲಗೆ ಮಾತಾಡಲಿ. ಹೆಂಡತಿ ಮಕ್ಕಳ ದುಃಖವನ್ನೂ ಕೇಳಲಿ. ಯಾಕಂದರೆ ಅವರೂ ಗಾಯಪಟ್ಟವರೇ.

ಎರಡನೆಯದಾಗಿ, ಅವನು ಗಾಯ ಕಟ್ಟಿ ಛತ್ರಕ್ಕೆ ಕರೆದುಕೊಂಡು ಹೋದನು. ದಾರಿಯಲ್ಲಿಯೇ ಪ್ರಾರ್ಥಿಸಿ ಬಿಟ್ಟುಹೋಗಲಿಲ್ಲ. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಲೆ ನಿಲ್ಲಿಸಿದರೆ ಮೊದಲ ಎರಡು ಮೂರು ದಿವಸಗಳಲ್ಲಿ ಕೈ ನಡುಗಿ, ಬೆವರಿ, ಅಪಸ್ಮಾರವೂ ಚಿತ್ತಭ್ರಮೆಯೂ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದಕಾರಣ ಅಂಥವನನ್ನು ಕೋಣೆಯಲ್ಲಿ ಕೂಡಿಹಾಕದೆ ತಾಲೂಕಾ ಆಸ್ಪತ್ರೆಗೆ ಒಯ್ಯಿರಿ. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಉಂಟು. 14416ಕ್ಕೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಧರ್ಮಾರ್ಥವಾಗಿ ಸಲಹೆ ದೊರಕುವದು. ಕುಡಿತ ಬಿಡಿಸುವ ಔಷಧವೆಂದು ಯಾರೋ ಕೊಟ್ಟದ್ದನ್ನು ಅನ್ನದಲ್ಲಿ ಗುಟ್ಟಾಗಿ ಬೆರಸಬೇಡಿರಿ. ಅಂಥ ಕೆಲವು ಔಷಧಗಳನ್ನು ತಿಳಿಯದೆ ತಿಂದು ಮೇಲೆ ಕುಡಿದವನು ಸಾಯಲೂಬಹುದು.

ಮೂರನೆಯದಾಗಿ, ಸಹಾಯ ಮಾಡಿದವನು ಅನ್ಯಜನಾಂಗದವನು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡಿಸುತ್ತಾರೆ, ಮನೆಯವರನ್ನೂ ಕೂಡಿಸುತ್ತಾರೆ. ಕುಡಿತದಿಂದ ಗಂಡನನ್ನು ಕಳಕೊಂಡ ಶಾಂತಿ ರಂಗನಾಥನ್ ಎಂಬಾಕೆಯು 1980ರಲ್ಲಿ ಚೆನ್ನೈಯಲ್ಲಿ ಚಿಕಿತ್ಸಾಲಯವನ್ನು ಆರಂಭಿಸಿದರು. 1989ರಲ್ಲಿ ಅವರ ಸಂಸ್ಥೆಯು ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಗೇ ಆ ಚಿಕಿತ್ಸೆಯನ್ನು ಒಯ್ದಿತು. ಪಟ್ಟಣಕ್ಕೆ ಬಾರದ ರೈತನ ಬಳಿಗೆ ಛತ್ರವೇ ನಡೆದು ಬಂದ ಹಾಗಾಯಿತು. ಅನ್ಯರ ಕೈಯೆಂದು ಇಂಥ ಉಪಕಾರವನ್ನು ತಳ್ಳುವವನು ಈ ಸಾಮ್ಯವನ್ನು ಗ್ರಹಿಸಿದವನೋ? ಅಲ್ಲಿಯ ಪೂಜೆ ಭಜನೆಗಳಿಗೆ ಮನಸ್ಸಾಕ್ಷಿ ಒಪ್ಪದವನು ಆಸ್ಪತ್ರೆಗೆ ಹೋಗಲಿ. ಆದರೆ ಯಾವ ಛತ್ರವೂ ಇಲ್ಲದೆ ದಾರಿಯಲ್ಲಿಯೇ ಉಳಿಯದಿರಲಿ.

ಕಡೆಯದಾಗಿ, ತಿರುಗಿ ಬರುವೆನೆಂದು ಅವನು ಮಾತು ಕೊಟ್ಟನು. ಇದೇ ಸಭೆಯ ಪಾಲಿನ ಕೆಲಸ. ಅಡಿಕೆ ಕೊಯ್ಲಿನ ಕೂಲಿ ಕೈಗೆ ಬರುವ ಸಂಜೆ, ಮದುವೆಯ ಮನೆ, ಕ್ರಿಸ್ಮಸ್ಸಿನ ರಾತ್ರಿ, ಇವು ಕುಡಿತ ಬಿಟ್ಟವನಿಗೆ ಕಠಿಣ ಗಳಿಗೆಗಳು. ಆಗ ಒಬ್ಬ ಸಹೋದರನು ಅವನ ಸಂಗಡ ನಡೆದು ಮನೆ ಮುಟ್ಟಿಸಲಿ. ಅವನು ಮತ್ತೆ ಬಿದ್ದರೆ ಬಾಗಿಲು ಮುಚ್ಚದೆ ಮತ್ತೆ ಎತ್ತಿರಿ. ಯಾಕಂದರೆ ಈ ರೋಗವು ಮರುಕಳಿಸುವ ಸ್ವಭಾವದ್ದು. ನಮ್ಮನ್ನು ಎಷ್ಟೋ ಸಾರಿ ಎತ್ತಿದ ಕರ್ತನು ಅಂಥ ತಾಳ್ಮೆಯನ್ನು ನಮಗೆ ದಯಪಾಲಿಸಲಿ. ಆಮೆನ್.