ಕ್ರಮವು ಯಾರಿಗಾಗಿ?

ಗಂಟೆ ಬಾರಿಸುತ್ತದೆ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಪ್ರಾರ್ಥನೆ ಮುಗಿಯುತ್ತದೆ, ಹಾಜರಿಯಾಗುತ್ತದೆ, ಪುಸ್ತಕಗಳು ತೆರೆಯುತ್ತವೆ. ಇದನ್ನು ನಾವು ಪ್ರತಿದಿನವೂ ಕಾಣುತ್ತೇವೆ. ಪ್ರತಿದಿನವೂ ಕಾಣುವುದರಿಂದಲೇ ಇದರ ವಿಷಯವಾಗಿ ಯೋಚಿಸುವುದನ್ನು ಬಿಟ್ಟಿದ್ದೇವೆ. ಸಾಲು ನಿಲ್ಲುವುದು, ಪುಸ್ತಕ ಹಂಚುವುದು, ಒಂದು ಪಾಠದಿಂದ ಇನ್ನೊಂದಕ್ಕೆ ಹೋಗುವುದು, ನೀರು ಕುಡಿಯಲು ಅಪ್ಪಣೆ ಕೇಳುವುದು—ಇವೆಲ್ಲ ಪಾಠಕ್ಕೆ ಹೊರಗಿನ ಸಂಗತಿಗಳೆಂದೂ ಹೇಗೋ ನಡೆದುಕೊಂಡು ಹೋಗುತ್ತವೆಂದೂ ಉಪಾಧ್ಯಾಯರಲ್ಲಿ ಸಾಮಾನ್ಯವಾಗಿ ಒಂದು ಭಾವನೆಯಿದೆ. ಈ ಭಾವನೆ ಸರಿಯೆ? ತರಗತಿಯ ಕ್ರಮವನ್ನು ಉಪಾಧ್ಯಾಯನಿಗೆ ಕಲಿಸಬೇಕಾಗಿದೆಯೆ? ಕಲಿಸುವುದಾದರೆ ಯಾರ ಹಿತವನ್ನು ಎದುರಿಗಿಟ್ಟುಕೊಂಡು ಕಲಿಸಬೇಕು?

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯಿದೆಯು ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆಯನ್ನು ವಿಧಿಸಿದೆ. ದಿನದಲ್ಲಿ ಆರು ಸಲ ಪಾಠ ಬದಲಾಗುವುದೆಂದೂ ಪ್ರತಿ ಸಲವೂ ಗದ್ದಲದಲ್ಲಿ ಐದು ನಿಮಿಷ ಕಳೆಯುವುದೆಂದೂ ಇಟ್ಟುಕೊಳ್ಳಿ. ದಿನಕ್ಕೆ ಅರ್ಧ ಗಂಟೆ. ವರ್ಷಕ್ಕೆ ನೂರು ಗಂಟೆ. ಮಗುವಿಗೆ ಸಲ್ಲಬೇಕಾದುದರಲ್ಲಿ ಎಂಟನೆಯ ಒಂದು ಪಾಲು ಹೀಗೆ ಸದ್ದಿಲ್ಲದೆ ಕಳೆದುಹೋಗುತ್ತದೆ. ಅದೇ ಕಾಯಿದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು, ತರಗತಿಗಳಾದರೋ ಐದು. ರಾಯದುರ್ಗ, ಮಡಕಶಿರಾ ಸೀಮೆಯ ಚಿಕ್ಕ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ದುಡಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೂರನೆಯ ತರಗತಿಗೆ ಭಾಗಾಕಾರ ಹೇಳುತ್ತಿರುವಾಗ ಒಂದನೆಯ ತರಗತಿಯ ಕೂಸುಗಳು ಏನು ಮಾಡುತ್ತಿರಬೇಕು? ಅವುಗಳಿಗೆ ರೂಢಿಯಾದ ಒಂದು ಕೆಲಸವಿಲ್ಲದಿದ್ದರೆ ಎರಡು ತರಗತಿಗಳೂ ಕೆಟ್ಟವು. ಆದುದರಿಂದ ಕ್ರಮವು ಬೇಕು ಎಂಬುದರಲ್ಲಿ ಸಂದೇಹವಿಲ್ಲ.

ಈ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಹಳೆಯ ಚರಿತ್ರೆಯೂ ಇದೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬಾತನು ತನ್ನ ಜಿಲ್ಲೆಯ ಶಾಲೆಗಳನ್ನು ಕುರಿತು ಸರ್ಕಾರಕ್ಕೆ ಒಂದು ವರದಿಯನ್ನು ಬರೆದನು. ಅಂದಿನ ಬಳ್ಳಾರಿ ಜಿಲ್ಲೆ ಬಹಳ ದೊಡ್ಡದು. ಮಡಕಶಿರಾ 1882ರಲ್ಲಿ ಹೊಸ ಅನಂತಪುರ ಜಿಲ್ಲೆಗೆ ಸೇರುವವರೆಗೂ, ರಾಯದುರ್ಗ 1953ರಲ್ಲಿ ಆಂಧ್ರ ರಾಜ್ಯವಾಗುವವರೆಗೂ ಅದರೊಳಗೇ ಇದ್ದವು. (ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ.) ಆ ಜಿಲ್ಲೆಯಲ್ಲಿ ಕ್ಯಾಂಬೆಲ್ ಎಣಿಸಿದ ಶಾಲೆಗಳು 533. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಅಂದಿನ ಗುರುವೂ ಒಬ್ಬನೇ, ಮಕ್ಕಳು ಹಲವು ಮಟ್ಟದವರು. ಆದರೂ ಶಾಲೆ ನಡೆಯುತ್ತಿತ್ತು. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ಮಾಡಿ, ಕೆಳಗಿನವರನ್ನು ಹಿರಿಯ ಹುಡುಗರಿಗೆ ಒಪ್ಪಿಸಿ, ಮೇಲಿನವರಿಗೆ ತಾನೇ ಹೇಳಿಕೊಡುತ್ತ, ಗುರುವು ಇಡೀ ಶಾಲೆಯ ಮೇಲೆ ಕಣ್ಣಿಟ್ಟಿರುತ್ತಿದ್ದನು. ಎಳೆಯರು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದರು. ಬಲ್ಲವನು ಅರಿಯದವನಿಗೆ ಹೇಳಿಕೊಟ್ಟು ತನ್ನ ಅರಿವನ್ನೂ ಗಟ್ಟಿ ಮಾಡಿಕೊಳ್ಳುವ ಈ ಪದ್ಧತಿಯನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿದ್ದಾನೆ. ಇದಕ್ಕೆ ಕೆಲವು ದಶಕಗಳ ಹಿಂದೆಯೇ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಮದರಾಸಿನ ಅನಾಥಶಾಲೆಯಲ್ಲಿ ಇಂತಹುದೇ ವ್ಯವಸ್ಥೆಯನ್ನು ನಡೆಸಿ, 1797ರಲ್ಲಿ ಅದನ್ನು ಕುರಿತು ಪುಸ್ತಕ ಬರೆದು, ಇಂಗ್ಲೆಂಡಿಗೆ 'ಮದರಾಸು ಪದ್ಧತಿ'ಯಾಗಿ ಮುಟ್ಟಿಸಿದ್ದನು.

ಆದರೆ ಅದೇ ವರದಿಯಲ್ಲಿ ಇನ್ನೊಂದು ಕ್ರಮದ ವರ್ಣನೆಯೂ ಇದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಬಾಲಕನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆತ್ತಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಆಮೇಲೆ ಬಂದ ಒಬ್ಬೊಬ್ಬನಿಗೂ ಒಂದೊಂದು ಏಟು ಹೆಚ್ಚು. ಎಷ್ಟು ಖಚಿತವಾದ ಕ್ರಮ! ಯಾರೂ ನಿಯಮವನ್ನು ಕೇಳಿ ತಿಳಿಯಬೇಕಾಗಿರಲಿಲ್ಲ. ಆದರೂ ಮನಸ್ಸು ಒಪ್ಪದು. ಮೂವತ್ತು ಮಕ್ಕಳ ಶಾಲೆಯಲ್ಲಿ ಎಲ್ಲರೂ ಓಡೋಡಿ ಬಂದರೂ ಒಬ್ಬನು ಮೂವತ್ತನೆಯವನಾಗಲೇಬೇಕು. ಅವನು ದೂರದ ಕೇರಿಯವನಿರಬಹುದು, ತಾಯಿಗೆ ನೀರು ಸೇದಿಕೊಟ್ಟು ಬಂದವನಿರಬಹುದು. ಆ ಕ್ರಮವು ಅದನ್ನು ಕೇಳುವುದಿಲ್ಲ.

ಇದನ್ನು ಓದಿ ಹಿಂದಿನವರನ್ನು ಹಳಿಯಲು ನಮಗೆ ಬಾಯಿ ಬರಲಿಲ್ಲ. ಕಾರಣವನ್ನು ಮುಚ್ಚಿಡದೆ ಹೇಳುತ್ತೇವೆ. ನಾವು ವೃತ್ತಿಗೆ ಸೇರಿದ ಹೊಸದರಲ್ಲಿ, ಪ್ರಾರ್ಥನೆ ಮುಗಿಯುವುದರೊಳಗೆ ಬಾರದವರು ಹಾಜರಿ ಮುಗಿಯುವವರೆಗೂ ಬಾಗಿಲ ಹೊರಗೆ ನಿಲ್ಲಬೇಕೆಂದು ಒಂದು ನಿಯಮವನ್ನು ಮಾಡಿದ್ದೆವು. ಬೆತ್ತವಿಲ್ಲ, ಬೈಗುಳವಿಲ್ಲ. ಒಂದೇ ತಿಂಗಳಲ್ಲಿ ಮಕ್ಕಳೆಲ್ಲ ಸಮಯಕ್ಕೆ ಸರಿಯಾಗಿ ಬರತೊಡಗಿದರು, ಶಾಲೆಗೆ ಬಂದ ಹಿರಿಯರೊಬ್ಬರು ಶಿಸ್ತನ್ನು ಹೊಗಳಿದರು, ನಾವು ಹಿಗ್ಗಿದೆವು. ಎರಡನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ವಾರದಲ್ಲಿ ಮೂರು ನಾಲ್ಕು ದಿನ ಹೊರಗೆ ನಿಲ್ಲುತ್ತಿದ್ದಳು. ಕೆಲವು ಕಾಲದ ಮೇಲೆ ಅವಳು ಬರುವುದನ್ನೇ ಬಿಟ್ಟಳು. ಒಂಬತ್ತನೆಯ ದಿನ ಮನೆಗೆ ಹೋಗಿ ವಿಚಾರಿಸಿದೆವು. ತಾಯಿ ನಸುಕಿನಲ್ಲಿಯೇ ಕಡಲೆಕಾಯಿ ಹೊಲಕ್ಕೆ ಕೂಲಿಗೆ ಹೋಗುವವಳು. ತಮ್ಮನಿಗೆ ಉಣಿಸಿ, ಅವನನ್ನು ಅಂಗನವಾಡಿಗೆ ಬಿಟ್ಟು ಹುಡುಗಿ ಶಾಲೆಗೆ ಬರಬೇಕು. ತಾಯಿ ಹೇಳಿದಳು: "ಹೊರ್ಗಡೆ ನಿಲ್ಲೋದೇ ಆದ್ರೆ ನಮ್ಮ ಬಾಗ್ಲಾಗೇ ನಿಂತ್ಕಂತೀನಿ ಅಂತಾಳೆ ಸಾರ್, ನಾನೇನ್ ಮಾಡ್ಲಿ?"

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ನಿಯಮವನ್ನು ಬದಲಿಸಿದೆವು. ತಡವಾಗಿ ಬಂದವರು ಸದ್ದಿಲ್ಲದೆ ಒಳಗೆ ಬಂದು, ಚೀಲವಿಟ್ಟು, ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ತಮ್ಮ ಹೆಸರಿನ ಚೀಟಿಯನ್ನು ಹಾಕಿ, ಪಕ್ಕದವರನ್ನು ಕೇಳಿ ಪಾಠವನ್ನು ಹಿಡಿಯಬೇಕು. ಇದೂ ಒಂದು ಕ್ರಮವೇ. ಮೊದಲಿನದು ಬಾಗಿಲನ್ನು ಕಾಯುತ್ತಿತ್ತು, ಇದು ಮಗುವನ್ನು ಒಳಗೆ ಕರೆದುಕೊಂಡಿತು. ಹುಡುಗಿ ಮರಳಿ ಬಂದಳು. ಆದರೆ ಅವಳು ಕಳೆದುಕೊಂಡ ಒಂಬತ್ತು ದಿನಗಳು ನಮ್ಮ ಲೆಕ್ಕದಲ್ಲಿಯೇ ಇವೆ.

ಅಂದಿನಿಂದ ನಾವು ಪ್ರತಿಯೊಂದು ಕ್ರಮವನ್ನೂ ಒಂದೇ ಪ್ರಶ್ನೆಯಿಂದ ಪರೀಕ್ಷಿಸುತ್ತೇವೆ: ಇದರಿಂದ ಉಳಿದ ಸಮಯವು ಯಾರಿಗೆ ಸಂದಿತು? ಉಪಾಧ್ಯಾಯನ ನೆಮ್ಮದಿಗೋ, ನೋಡಲು ಬಂದವರ ಮೆಚ್ಚುಗೆಗೋ, ಕಟ್ಟಕಡೆಯ ಮಗುವಿನ ಕಲಿಕೆಗೋ? ಒಳ್ಳೆಯ ಕ್ರಮವೆಂದರೆ ಉಪಾಧ್ಯಾಯನು ಮಕ್ಕಳಿಗೆ ಕೊಟ್ಟ ಮಾತು. ಅದು ಮೊದಲು ಅವನನ್ನೇ ಕಟ್ಟುತ್ತದೆ. ಕೈಯೆತ್ತಿ ಮಾತನಾಡಿರೆಂದು ಹೇಳಿದವನು ಎತ್ತಿದ ಕೈಯನ್ನು ನೋಡಲೇಬೇಕು. ಸಮಯಕ್ಕೆ ಬನ್ನಿರೆಂದವನು ತಾನು ಬಸ್ಸು ತಪ್ಪಿಸಿಕೊಳ್ಳಬಾರದು.

ತರಬೇತಿಯ ಮಾತಿಗೆ ಬರೋಣ. ಪಾಠಯೋಜನೆಯನ್ನು ಬರೆಯುವುದನ್ನು ನಮಗೆ ಚೆನ್ನಾಗಿ ಕಲಿಸಿದರು. ಹರ್ಬಾರ್ಟನ ಸೋಪಾನಗಳನ್ನು ಬಾಯಿಪಾಠ ಮಾಡಿಸಿದರು. ಆದರೆ ಅಭ್ಯಾಸ ಪಾಠಕ್ಕೆ ನಾವು ಹೋಗುತ್ತಿದ್ದುದು ಇನ್ನೊಬ್ಬರು ತಿಂಗಳುಗಟ್ಟಲೆ ಪಳಗಿಸಿದ ತರಗತಿಗೆ. ಆ ಕ್ರಮವನ್ನು ನಾವು ಒಂದು ಗಂಟೆಯ ಮಟ್ಟಿಗೆ ಸಾಲವಾಗಿ ಪಡೆಯುತ್ತಿದ್ದೆವು. ಅದು ಹುಟ್ಟಿದ ಬಗೆಯನ್ನು ಕಾಣಲಿಲ್ಲ. ಕ್ರಮವು ಹುಟ್ಟುವುದು ಶಾಲೆ ತೆರೆಯುವ ಜೂನ್ ತಿಂಗಳಿನಲ್ಲಿ, ಮೊದಲ ಎರಡು ವಾರಗಳಲ್ಲಿ. ಶಿಕ್ಷಣಾರ್ಥಿಯು ಒಬ್ಬ ನುರಿತ ಉಪಾಧ್ಯಾಯರ ಪಕ್ಕದಲ್ಲಿ ಇರಬೇಕಾದುದು ಆಗಲೇ. ಅವರು ಪುಸ್ತಕ ಹಂಚುವ ರೀತಿಯನ್ನು ಹೇಳಿ, ತಾವೇ ಮಾಡಿ ತೋರಿಸಿ, ಒಬ್ಬ ಹುಡುಗನಿಂದ ಮಾಡಿಸಿ, ಆಮೇಲೆ ಎಲ್ಲರಿಂದ ಮಾಡಿಸಿ, ತಪ್ಪಿದಾಗ ಗದರದೆ ಮತ್ತೊಮ್ಮೆ ಮಾಡಿಸುವುದನ್ನು ಅವನು ಕಣ್ಣಾರೆ ಕಾಣಬೇಕು. ಗುಜರಾತಿನ ಗಿಜುಭಾಯಿಯವರ 'ದಿವಾಸ್ವಪ್ನ'ದಲ್ಲಿ ಹೊಸ ಉಪಾಧ್ಯಾಯನು ಮೊದಲ ದಿನವೇ ಮಕ್ಕಳಿಂದ ಮೌನದ ಆಟವಾಡಿಸಲು ಹೋಗಿ ಗದ್ದಲದಲ್ಲಿ ಸೋಲುತ್ತಾನೆ. ಆಟವೇನೋ ಒಳ್ಳೆಯದೇ, ಆದರೆ ಮಕ್ಕಳು ಇನ್ನೂ ಅದಕ್ಕೆ ಸಿದ್ಧರಾಗಿರಲಿಲ್ಲ.

ಇನ್ನೊಂದು ಅಭ್ಯಾಸವನ್ನೂ ನಾವು ಸೂಚಿಸುತ್ತೇವೆ. ಶಿಕ್ಷಣಾರ್ಥಿಗಳು ತಮ್ಮೊಳಗೇ ತರಗತಿ ನಡೆಸುವಾಗ ಒಬ್ಬನು ಕಡೆಯ ಮಗುವಾಗಿ ಕುಳಿತುಕೊಳ್ಳಲಿ: ಕಿವಿ ಮಂದವಾದ ಮಗು, ಎಡಗೈಯಲ್ಲಿ ಬರೆಯುವ ಮಗು, ತಡವಾಗಿ ಬಂದ ಮಗು. ಕೊನೆಯಲ್ಲಿ ಮೊದಲು ಅವನೇ ಮಾತನಾಡಲಿ. ನಿಯಮದ ನ್ಯಾಯಾನ್ಯಾಯಗಳು ಅವನ ಜಾಗದಿಂದ ಬೇಗ ಕಾಣುತ್ತವೆ.

ಗಡಿನಾಡಿನವರಾದ ನಮಗೆ ಭಾಷೆಯ ತೊಡಕೂ ಉಂಟು. ನಮಗೆ ಬರುವ ಸೂಚನೆಗಳು ಬಹುಮಟ್ಟಿಗೆ ತೆಲುಗಿನವು, ಇಲ್ಲವೆ ಇಂಗ್ಲಿಷಿನವು. ಅವನ್ನು ಹಾಗೆಯೇ ತಂದು ಅಪ್ಪಣೆಗಳಾಗಿ ಉಚ್ಚರಿಸಿದರೆ ಮಗು ಅರ್ಥವರಿಯದೆ ಏಳುತ್ತದೆ, ಕೂಡುತ್ತದೆ. ತನ್ನ ಕಾಲದ ಮಕ್ಕಳು ಅರ್ಥವರಿಯದೆ ಪದ್ಯಗಳನ್ನು ಉರು ಹಾಕುತ್ತಿದ್ದರೆಂದು ಕ್ಯಾಂಬೆಲ್ ವಿಷಾದಿಸಿದ್ದನು; ಈ ಏಳುಬೀಳೂ ಅದಕ್ಕಿಂತ ಬೇರೆಯಲ್ಲ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯವಿರಬೇಕೆನ್ನುತ್ತದೆ. ಆ ಮಾತೃಭಾಷೆಯು ಪಠ್ಯಪುಸ್ತಕದಲ್ಲಿದ್ದರಷ್ಟೇ ಸಾಲದು, "ಚೀಲ ಇಡು, ಪಕ್ಕಕ್ಕೆ ಸರಿ" ಎಂಬ ಮಾತಿನಲ್ಲಿಯೂ ಇರಬೇಕು.

ಕ್ರಮವು ಮಕ್ಕಳನ್ನು ಯಂತ್ರಗಳನ್ನಾಗಿ ಮಾಡುವುದೆಂದು ಕೆಲವರು ಆಕ್ಷೇಪಿಸುತ್ತಾರೆ. ಕಾರಣ ತಿಳಿಸದೆ ಹೇರಿದ ಕ್ರಮದ ವಿಷಯದಲ್ಲಿ ಆ ಮಾತು ನಿಜ. ಆದರೆ ಕ್ರಮವೇ ಇಲ್ಲದ ತರಗತಿಯಲ್ಲಿ ಸ್ವತಂತ್ರರಾಗಿರುವವರು ಯಾರು? ಗಟ್ಟಿ ಗಂಟಲಿನ ನಾಲ್ವರು, ಮಿಕ್ಕವರು ಬಾಯಿಲ್ಲದವರು. ಸರದಿಯೆಂಬುದು ಇದ್ದರೆ ತಾನೆ ಮೆಲುದನಿಯ ಮಗುವಿಗೂ ಮಾತು ದೊರೆಯುವುದು?

ವಿದ್ಯಾರ್ಥಿ ಮಿತ್ರರೆ, ನಿಮ್ಮ ಶಾಲೆಯ ಯಾವುದಾದರೂ ನಿಯಮದ ಕಾರಣ ತಿಳಿಯದಿದ್ದರೆ ಉಪಾಧ್ಯಾಯರನ್ನು ವಿನಯದಿಂದ ಕೇಳಿರಿ. ಸಹೋದ್ಯೋಗಿಗಳೆ, ಅವರು ಕೇಳಿದಾಗ ಕೋಪಿಸದಿರೋಣ. ಉತ್ತರ ತೋಚದಿದ್ದರೆ ಆ ನಿಯಮವನ್ನು ಆ ದಿನ ಸಂಜೆ ಮತ್ತೊಮ್ಮೆ ಯೋಚಿಸೋಣ. ನಾಳೆಯೂ ಗಂಟೆ ಬಾರಿಸುತ್ತದೆ, ಸಾಲು ನಿಲ್ಲುತ್ತದೆ. ಸಾಲಿನ ತುದಿಯಲ್ಲಿ ಯಾರು ಇಲ್ಲವೆಂಬುದನ್ನು ಒಮ್ಮೆ ನೋಡಿ, ಆಮೇಲೆ ಪಾಠವನ್ನು ಆರಂಭಿಸೋಣ.